ಯಾವ ಜಾನ್‌ನ ಮಗ ಈ ಜಾನ್?

1620ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ತೀರ ಬಿಟ್ಟ ಮೇಫ್ಲವರ್ ಹಡಗಿನಲ್ಲಿ ಹೆತ್ತವರು ಜೊತೆಗಿಲ್ಲದ ನಾಲ್ವರು ಒಡಹುಟ್ಟಿದ ಮಕ್ಕಳಿದ್ದರು: ಎಲೆನ್, ಜ್ಯಾಸ್ಪರ್, ರಿಚರ್ಡ್ ಮತ್ತು ಮೇರಿ ಮೋರ್. ದೊಡ್ಡವಳಿಗೆ 8 ವರ್ಷ, ಚಿಕ್ಕವಳಿಗೆ 4. ಹಡಗಿನ ಮೂರು ಕುಟುಂಬಗಳಿಗೆ ಅವರನ್ನು ಹಂಚಿ ಒಪ್ಪಿಸಲಾಗಿತ್ತು. ಅಮೆರಿಕದ ಪ್ಲಿಮತ್ ವಸಾಹತಿನ ಮೊದಲ ಚಳಿಗಾಲ ಮುಗಿಯುವ ಹೊತ್ತಿಗೆ ಮೂವರು ತೀರಿಕೊಂಡಿದ್ದರು. ಉಳಿದವನು ರಿಚರ್ಡ್ ಒಬ್ಬನೇ. ಅವನು ಹಡಗು ನಡೆಸುವವನಾಗಿ ಬೆಳೆದು, ಸೇಲಂ ಊರಿನಲ್ಲಿ ಸಂಸಾರ ಹೂಡಿ, 1690ರ ದಶಕದಲ್ಲಿ ಸತ್ತ. ಅವನ ವಂಶದವರು ಇಂದಿಗೂ ಅಮೆರಿಕದಲ್ಲಿದ್ದಾರೆ.

ಇಷ್ಟು ಎಳೆಯ ಮಕ್ಕಳನ್ನು ಯಾರು, ಯಾಕೆ ಕಡಲಾಚೆಗೆ ಕಳಿಸಿದರು ಎಂಬುದು ಬಹಳ ಕಾಲ ಒಗಟಾಗಿಯೇ ಇತ್ತು. 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಮೋರ್ ಮನೆತನದ ಕಾಗದಗಳ ನಡುವೆ 1622ರ ಒಂದು ಹೇಳಿಕೆ ಸಿಕ್ಕಿತು. 1960ರಲ್ಲಿ ಆಂಟನಿ ವ್ಯಾಗ್ನರ್ ಅದರ ವಿವರಗಳನ್ನು ಬೋಸ್ಟನ್ನಿನ ವಂಶಾವಳಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಮಕ್ಕಳ ತಾಯಿ ಕ್ಯಾಥರಿನ್ ಮೋರ್, ಆಕೆಯ ಗಂಡ ಸ್ಯಾಮ್ಯುಯೆಲ್ ಮೋರ್. ಇಬ್ಬರೂ ಒಂದೇ ಮನೆತನದ ಸಂಬಂಧಿಗಳು. ಈ ಮಕ್ಕಳ ಮುಖಚಹರೆ ಜೇಕಬ್ ಬ್ಲೇಕ್‌ವೇ ಎಂಬವನನ್ನು ಹೋಲುತ್ತದೆ, ಇವರು ನನ್ನ ಮಕ್ಕಳಲ್ಲ ಎಂದು ಸ್ಯಾಮ್ಯುಯೆಲ್ ನಂಬಿದ. ತಾಯಿಯಿಂದ ಮಕ್ಕಳನ್ನು ಬೇರ್ಪಡಿಸಿ ಕೊನೆಗೆ ಹಡಗು ಹತ್ತಿಸಿದ. ಕ್ಯಾಥರಿನ್ ನ್ಯಾಯ ಕೇಳಿದಾಗ ಸ್ಯಾಮ್ಯುಯೆಲ್ ತನ್ನ ಸಮರ್ಥನೆಗೆಂದು ಬರೆದುಕೊಟ್ಟದ್ದೇ ಆ ಹೇಳಿಕೆ.

ಹಾಗಾದರೆ ರಿಚರ್ಡ್ ಮೋರ್‌ನ ತಂದೆ ಯಾರು? ಮದುವೆಯೊಳಗೆ ಹುಟ್ಟಿದ ಮಗು ಗಂಡನದೇ ಎನ್ನುವುದು ಅಂದಿನ ಕಾನೂನು. ಆ ಲೆಕ್ಕದಲ್ಲಿ ತಂದೆ ಸ್ಯಾಮ್ಯುಯೆಲ್. ರಕ್ತದ ಲೆಕ್ಕದಲ್ಲಿ ಬ್ಲೇಕ್‌ವೇ ಇರಬಹುದು. ಆದರೆ ಹಾಗೆ ಹೇಳಿದವನು ಮಕ್ಕಳಿಂದ ಬಿಡಿಸಿಕೊಳ್ಳಲು ಹೊರಟಿದ್ದ ಗಂಡನೇ. ಪ್ಲಿಮತ್‌ನಲ್ಲಿ ರಿಚರ್ಡ್‌ನನ್ನು ಸಾಕಿದ್ದು ವಿಲಿಯಂ ಬ್ರೂಸ್ಟರ್‌ನ ಮನೆ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಅದೇ ಹಡಗಿನಲ್ಲಿ ಬಂದಿದ್ದ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಮೂವತ್ತು ವರ್ಷಗಳ ನಂತರ ಪ್ರಯಾಣಿಕರ ಪಟ್ಟಿ ಬರೆದಾಗ, ಬ್ರೂಸ್ಟರ್ ಮನೆಯಲ್ಲಿ ರಿಚರ್ಡ್ ಜೊತೆಗಿದ್ದದ್ದು ಅವನ ತಮ್ಮನೋ ಅಣ್ಣನೋ ಎಂಬಂತೆ ಬರೆದ. ಅಲ್ಲಿದ್ದದ್ದು ತಂಗಿ ಮೇರಿ. ಕಣ್ಣಾರೆ ಕಂಡವನ ಬರಹದಲ್ಲೂ ತಪ್ಪು ನುಸುಳುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ ಈಗ ಅಲ್ಲಿನ ಹಳೆಯ ಮನೆತನಗಳ ಸೊಸೆ ಅಳಿಯಂದಿರಿದ್ದಾರೆ. ಮೊಮ್ಮಕ್ಕಳ ವಂಶವೃಕ್ಷದ ಒಂದು ಕೊಂಬೆ ಹಾಸನಕ್ಕೋ ಉಡುಪಿಗೋ ಹೋದರೆ ಇನ್ನೊಂದು ಮ್ಯಾಸಚೂಸೆಟ್ಸ್‌ಗೋ ವರ್ಜೀನಿಯಾಕ್ಕೋ ಹೋಗುತ್ತದೆ. ಆ ಎರಡನೆಯ ಕೊಂಬೆಯನ್ನು ಆನ್‌ಲೈನ್‌ನಲ್ಲಿ ಹಿಡಿದು ಹೊರಟವರು 1700ರ ಆಸುಪಾಸಿಗೆ ಬಂದಾಗ ಸಾಮಾನ್ಯವಾಗಿ ಒಂದು ಗೋಡೆಗೆ ಹಾಯುತ್ತಾರೆ. ಒಂದೇ ಮನುಷ್ಯನಿಗೆ ಒಂದು ಕಡೆ ಒಬ್ಬ ತಂದೆ, ಇನ್ನೊಂದು ಕಡೆ ಬೇರೆ ತಂದೆ. ಯಾವುದನ್ನು ಒಪ್ಪುವುದು? ಈ ಲೇಖನ ಅವರಿಗಾಗಿ.

ತಕರಾರು ಎಲ್ಲಿಂದ ಬರುತ್ತದೆ

ವಸಾಹತು ಕಾಲದ ಅಮೆರಿಕದಲ್ಲಿ ಹುಟ್ಟನ್ನು ಎಲ್ಲ ಕಡೆ ಒಂದೇ ರೀತಿಯಲ್ಲಿ ದಾಖಲಿಸುತ್ತಿರಲಿಲ್ಲ. ನ್ಯೂ ಇಂಗ್ಲೆಂಡ್ ಪ್ರಾಂತಗಳಲ್ಲಿ ಊರಿನ ಗುಮಾಸ್ತರು ಪುಸ್ತಕ ಇಟ್ಟರು. ವರ್ಜೀನಿಯಾದಲ್ಲಿ ಆ ಕೆಲಸ ಚರ್ಚಿನದಾಗಿತ್ತು, ಆ ಪುಸ್ತಕಗಳಲ್ಲಿ ಬಹುಪಾಲು ಕಳೆದುಹೋಗಿವೆ. ರಾಜ್ಯಮಟ್ಟದ ಜನನ ನೋಂದಣಿ ಮ್ಯಾಸಚೂಸೆಟ್ಸ್‌ನಲ್ಲಿ 1841ಕ್ಕೆ, ವರ್ಜೀನಿಯಾದಲ್ಲಿ 1853ಕ್ಕೆ ಶುರುವಾಯಿತು. 1790ರ ಮೊದಲ ಜನಗಣತಿಯಿಂದ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಮನೆಯಲ್ಲಿದ್ದ ಪ್ರತಿ ಸ್ವತಂತ್ರ ವ್ಯಕ್ತಿಯ ಹೆಸರು ಬರುವುದು 1850ರಲ್ಲಿ. ಯಜಮಾನನಿಗೆ ಅವರು ಏನಾಗಬೇಕು ಎಂಬುದು ಬರುವುದು 1880ರಲ್ಲಿ. ಅಂತರ್ಯುದ್ಧದ ಕಾಲದಲ್ಲಿ ವರ್ಜೀನಿಯಾದ ಹಲವು ಕೌಂಟಿಗಳ ಕೋರ್ಟ್ ದಾಖಲೆಗಳು ಸುಟ್ಟವು.

ಈ ಖಾಲಿ ಜಾಗವನ್ನು 19ನೇ ಶತಮಾನದ ಕುಟುಂಬ ಚರಿತ್ರೆಗಳು ತಮಗೆ ತೋಚಿದಂತೆ ತುಂಬಿದವು. ಅವುಗಳಲ್ಲಿ ಹಲವು ಶ್ರದ್ಧೆಯಿಂದ ಬರೆದವು, ಆದರೆ ಊಹೆ ಯಾವುದು ದಾಖಲೆ ಯಾವುದು ಎಂದು ಬೇರ್ಪಡಿಸಿ ಹೇಳಿದವು ಕಡಿಮೆ. ಮುಂದೆ ಗುಸ್ತಾವ್ ಆಂಜೂ ಎಂಬವನು ನ್ಯೂಯಾರ್ಕಿನ ಸ್ಟ್ಯಾಟನ್ ಐಲೆಂಡ್‌ನಲ್ಲಿ ಕುಳಿತು ಶ್ರೀಮಂತರಿಗೆ ಕೃತಕ ವಂಶಾವಳಿ ಬರೆದು ಮಾರಿದ. ಅವನು 1942ರಲ್ಲಿ ಸತ್ತ. ಅವನು ಹೊಸೆದ ಕೊಂಡಿಗಳು ಇಂದಿನ ಆನ್‌ಲೈನ್ ವೃಕ್ಷಗಳಲ್ಲಿ ಇನ್ನೂ ಓಡಾಡುತ್ತಿವೆ. ನೂರು ವೃಕ್ಷಗಳಲ್ಲಿ ಒಂದೇ ತಂದೆಯ ಹೆಸರಿದ್ದರೆ ಅದು ನೂರು ಸಾಕ್ಷಿ ಆಗುವುದಿಲ್ಲ. ಒಂದನ್ನು ನೋಡಿ ತೊಂಬತ್ತೊಂಬತ್ತು ಜನ ನಕಲು ಮಾಡಿರುತ್ತಾರೆ. ನೂರನ್ನೂ ಪಕ್ಕಕ್ಕಿಟ್ಟು, ಮೊದಲು ಹೇಳಿದವನು ಯಾವ ಆಧಾರದ ಮೇಲೆ ಹೇಳಿದ ಎಂದು ಹುಡುಕುವುದೇ ಮೊದಲ ಕೆಲಸ.

ಮೊದಲು ಮಗನನ್ನು ಗುರುತಿಸಿ

ತಂದೆ ಯಾರು ಎಂಬ ಜಗಳ ನಿಜವಾಗಿ ನೋಡಿದರೆ ಮಗ ಯಾವನು ಎಂಬ ಗೊಂದಲ. ಹೆಚ್ಚಿನ ಪ್ರಕರಣಗಳು ಹೀಗೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಾನ್, ವಿಲಿಯಂ, ಥಾಮಸ್, ಮೇರಿ, ಎಲಿಜಬೆತ್ ಎಂಬ ಬೆರಳೆಣಿಕೆಯ ಹೆಸರುಗಳು ಪ್ರತಿ ಮನೆಯಲ್ಲೂ ಇದ್ದವು. ಅಣ್ಣತಮ್ಮಂದಿರು ಮೂವರು ತಮ್ಮ ಅಪ್ಪನ ಹೆಸರನ್ನು ತಮ್ಮ ತಮ್ಮ ಮಗನಿಗೆ ಇಟ್ಟರೆ, ಒಂದೇ ಊರಿನಲ್ಲಿ ಒಂದೇ ಮನೆತನದ ಮೂವರು ಜಾನ್‌ಗಳು ಬೆಳೆಯುತ್ತಾರೆ. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದೂ ವಾಡಿಕೆ. ಹಾಗಾಗಿ ಊರ ಪುಸ್ತಕದಲ್ಲಿ ಸಿಕ್ಕ ಜಾನ್‌ನ ಜನನ ನಿಮ್ಮ ಜಾನ್‌ನದೇ ಎನ್ನಲು ಹೆಸರಷ್ಟೇ ಸಾಲದು. ಆ ಮಗು ಐದನೇ ವರ್ಷಕ್ಕೆ ಸತ್ತಿರಬಹುದು.

ಒಂದು ದೊಡ್ಡ ಹಾಳೆಯಲ್ಲಿ ಆ ಊರಿನ, ಆ ಕಾಲದ ಪ್ರತಿಯೊಬ್ಬ ಜಾನ್‌ಗೂ ಒಂದೊಂದು ಕಂಬಸಾಲು ಹಾಕಿ. ವರ್ಷದ ಪ್ರಕಾರ ಸಿಕ್ಕ ಪ್ರತಿ ದಾಖಲೆಯನ್ನು ಯಾವ ಜಾನ್‌ಗೆ ಸೇರುತ್ತದೋ ಅಲ್ಲಿ ಬರೆಯಿರಿ. ಗೊತ್ತಾಗದಿದ್ದರೆ ಯಾರಿಗೂ ಸೇರಿಸದೆ ಬದಿಯಲ್ಲಿಡಿ. ಬೇರ್ಪಡಿಸಲು ನೆರವಾಗುವುದು ಹೆಂಡತಿಯ ಹೆಸರು, ಕಸುಬು, ಮನೆ ಇದ್ದ ಹೊಳೆ ಅಥವಾ ಗುಡ್ಡ, ಸಹಿ. ಬರೆಯಲು ಬಾರದವರು ಹಾಕುತ್ತಿದ್ದ ಗುರುತು ಕೂಡ ಒಬ್ಬೊಬ್ಬನದು ಒಂದೊಂದು ಥರ. ಒಬ್ಬ ಪ್ರತಿ ಸಲ ಒಂದೇ ಅಕ್ಷರವನ್ನು ಗುರುತಾಗಿ ಹಾಕುತ್ತಿದ್ದರೆ, ಅಚ್ಚುಕಟ್ಟಾಗಿ ಪೂರ್ತಿ ಸಹಿ ಮಾಡುವ ಜಾನ್ ಬೇರೆಯವನಿರಬೇಕು. ಇದನ್ನು ನೋಡಲು ಮೂಲ ಕಾಗದವೇ ಬೇಕು. ಕೋರ್ಟ್ ಪುಸ್ತಕದಲ್ಲಿರುವುದು ಗುಮಾಸ್ತ ಎತ್ತಿ ಬರೆದ ನಕಲು, ಅಲ್ಲಿ ಎಲ್ಲರ ಸಹಿಯೂ ಗುಮಾಸ್ತನ ಕೈಬರಹದಲ್ಲೇ ಇರುತ್ತದೆ.

ಮೂಲ ನೋಡಿ ಎಂಬ ಮಾತಿಗೆ ಇನ್ನೊಂದು ಕಾರಣ. ಮ್ಯಾಸಚೂಸೆಟ್ಸ್‌ನ ಊರುಗಳ 1850ರವರೆಗಿನ ಜನನ, ಮದುವೆ, ಮರಣಗಳನ್ನು 20ನೇ ಶತಮಾನದ ಆರಂಭದಲ್ಲಿ ಪುಸ್ತಕಗಳಾಗಿ ಅಚ್ಚು ಹಾಕಿದರು. ಬಹಳ ಉಪಕಾರದ ಕೆಲಸ. ಆದರೆ ಅಚ್ಚಿನಲ್ಲಿ ಹೆಸರುಗಳನ್ನು ಅಕ್ಷರಾನುಕ್ರಮಕ್ಕೆ ಹಾಕಿದ್ದಾರೆ. ಮೂಲದಲ್ಲಿ ಎಷ್ಟೋ ಕಡೆ ಗುಮಾಸ್ತ ಒಂದು ಮನೆಯ ಮಕ್ಕಳನ್ನೆಲ್ಲ ಒಂದೇ ಪುಟದಲ್ಲಿ ಸಾಲಾಗಿ ಬರೆದಿರುತ್ತಾನೆ. ಯಾರ ಕೆಳಗೆ ಯಾರಿದ್ದರು ಎಂಬ ಆ ಸುಳಿವು ಅಚ್ಚಿನಲ್ಲಿ ಅಳಿಸಿಹೋಗಿದೆ. ಮನೆಯ ಬೈಬಲ್ಲಿನಲ್ಲಿ ಬರೆದ ಜನ್ಮ ದಿನಾಂಕಗಳನ್ನೂ ಹೀಗೇ ಪರೀಕ್ಷಿಸಬೇಕು. ಆ ಬೈಬಲ್ ಅಚ್ಚಾದದ್ದು 1805ರಲ್ಲಿ, ಬರೆದ ಹುಟ್ಟುಗಳು 1750ರಿಂದ ಇದ್ದು, ಎಲ್ಲವೂ ಒಂದೇ ಶಾಯಿಯಲ್ಲಿ ಒಂದೇ ಕೈಯಿಂದ ಬಂದಿದ್ದರೆ, ಅದು ನೆನಪಿನಿಂದ ಬರೆದದ್ದು.

ಸಂಬಂಧದ ಮಾತು, ಪಂಚಾಂಗದ ಲೆಕ್ಕ

ಆ ಕಾಲದ ಇಂಗ್ಲಿಷ್ ದಾಖಲೆಗಳ ಸಂಬಂಧಸೂಚಕ ಪದಗಳನ್ನು ಇಂದಿನ ಅರ್ಥದಲ್ಲಿ ಓದಿದರೆ ತಂದೆಯೇ ಬದಲಾಗುತ್ತಾನೆ. ಸೀನಿಯರ್, ಜೂನಿಯರ್ ಎಂದಿದ್ದರೆ ಅಪ್ಪ ಮಗ ಎಂದಲ್ಲ, ಊರಿನಲ್ಲಿ ಆ ಹೆಸರಿನ ಹಿರಿಯವನು ಮತ್ತು ಕಿರಿಯವನು ಎಂದಷ್ಟೇ. ಚಿಕ್ಕಪ್ಪನೂ ಅಣ್ಣನ ಮಗನೂ ಆಗಿರಬಹುದು, ಸಂಬಂಧವೇ ಇಲ್ಲದವರೂ ಆಗಿರಬಹುದು. ಹಿರಿಯವನು ಸತ್ತರೆ ಜೂನಿಯರ್ ಆಗಿದ್ದವನೇ ಸೀನಿಯರ್ ಆಗುತ್ತಾನೆ. ಫಾದರ್-ಇನ್-ಲಾ ಎಂದರೆ ಮಾವನೂ ಹೌದು, ಮಲತಂದೆಯೂ ಹೌದು. ಸನ್-ಇನ್-ಲಾ ಎಂಬುದು ಮಲಮಗನೂ ಆಗುತ್ತದೆ. ಕಸಿನ್ ಎಂದು ಕರೆದವನು ಎಷ್ಟೋ ಸಲ ಅಣ್ಣನ ಮಗ ಅಥವಾ ಅಕ್ಕನ ಮಗ. ಆರ್ಫನ್ ಎಂದರೆ ತಂದೆಯಿಲ್ಲದವನು. ತಾಯಿ ಬದುಕಿದ್ದು ಇನ್ನೊಂದು ಮದುವೆಯಾಗಿರಬಹುದು. ಉಯಿಲಿನಲ್ಲಿ ‘ನನ್ನ ಈಗಿನ ಹೆಂಡತಿ’ ಎಂದು ಬರೆದಿದ್ದರೆ ಮೊದಲೊಬ್ಬಳು ಇದ್ದಳೆಂದು ಎಲ್ಲರೂ ಊಹಿಸುತ್ತಾರೆ. ಆ ಊಹೆಗೆ ಆ ಮಾತೊಂದೇ ಆಧಾರವಾಗದು. ಮುಂದೆ ಮರುಮದುವೆಯಾದರೆ ಆಸ್ತಿ ಯಾರಿಗೆ ಎಂಬ ಗೊಂದಲ ಬೇಡವೆಂದು ವಕೀಲರು ಹಾಗೆ ಬರೆಸುತ್ತಿದ್ದರು.

ಪಂಚಾಂಗವೂ ಮೋಸ ಮಾಡುತ್ತದೆ. 1752ಕ್ಕೆ ಮೊದಲು ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಒಬ್ಬರ ಮದುವೆ 1720ರ ಮೇ ತಿಂಗಳಲ್ಲಿ, ಮೊದಲ ಮಗು 1720ರ ಫೆಬ್ರವರಿಯಲ್ಲಿ ಎಂದಿದ್ದರೆ, ಮದುವೆಗೆ ಮೊದಲೇ ಹುಟ್ಟಿದ ಮಗು, ಬೇರೆ ತಾಯಿಯ ಮಗು ಎಂದು ಕಥೆ ಕಟ್ಟಬೇಡಿ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1721. ಒಂಬತ್ತು ತಿಂಗಳು ಸರಿಯಾಗಿ ಕೂಡುತ್ತದೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನವೇ ಹಳೆಯ ಲೆಕ್ಕದಲ್ಲಿ 1731/32ರ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22. ಕ್ವೇಕರ್ ಪಂಥದವರು ತಿಂಗಳುಗಳಿಗೆ ಹೆಸರಿನ ಬದಲು ಸಂಖ್ಯೆ ಬರೆಯುತ್ತಿದ್ದರು. 1752ಕ್ಕೆ ಮೊದಲು ಅವರ ಮೊದಲ ತಿಂಗಳು ಮಾರ್ಚ್.

ಚಕ್ಕುಬಂದಿ ಓದಿ

ಹುಟ್ಟಿನ ದಾಖಲೆ ಇಲ್ಲದ ಕಡೆ ತಂದೆಯನ್ನು ತೋರಿಸುವುದು ಜಮೀನು. ಮನುಷ್ಯರು ಸುಳ್ಳು ಹೇಳಿದರೂ ಕಂದಾಯ ಕಟ್ಟುವ ನೆಲ ಎಲ್ಲಿಗೂ ಓಡಿಹೋಗುವುದಿಲ್ಲ. ವಸಾಹತು ಕಾಲದ ಹೆಚ್ಚಿನ ಬಿಳಿಯ ಗಂಡಸರು ಒಂದಲ್ಲ ಒಂದು ಸಲ ಕ್ರಯಪತ್ರದಲ್ಲೋ, ಅದರ ಸಾಕ್ಷಿಗಳಲ್ಲೋ, ಪಕ್ಕದ ಹೊಲದವನಾಗಿ ಚಕ್ಕುಬಂದಿಯಲ್ಲೋ ಕಾಣಿಸಿಕೊಂಡಿದ್ದಾರೆ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ವರ್ಜೀನಿಯಾದ ಒಂದು ಕೌಂಟಿಯಲ್ಲಿ ಜಾನ್ 1765ರಲ್ಲಿ 100 ಎಕರೆ ಮಾರುತ್ತಾನೆ. ಅವನು ಅದನ್ನು ಕೊಂಡ ಪತ್ರ ಎಲ್ಲೂ ಇಲ್ಲ. ವಿಲಿಯಂ ಎಂಬವನ 1750ರ ಉಯಿಲಿನಲ್ಲಿ ‘ನನ್ನ ಮಗ ಜಾನ್’ ಎಂದಿದೆ. ಎಲ್ಲ ವೃಕ್ಷಗಳೂ ಈ ಜಾನ್‌ನನ್ನು ವಿಲಿಯಂನಿಗೆ ಜೋಡಿಸಿವೆ. ಈಗ ನೀವು ಕೇಳಬೇಕಾದ ಪ್ರಶ್ನೆ: ಮಾರಿದ ಆ 100 ಎಕರೆ ಜಾನ್‌ಗೆ ಎಲ್ಲಿಂದ ಬಂತು? 1765ರ ಪತ್ರದ ಚಕ್ಕುಬಂದಿಯಲ್ಲಿರುವ ಓಕ್ ಮರ, ಹಳ್ಳದ ಕವಲು, ಪಕ್ಕದವರ ಹೆಸರು ಹಿಡಿದು ಹಿಂದಕ್ಕೆ ಹೋದರೆ, ಅದೇ ತುಂಡು 1730ರಲ್ಲಿ ಥಾಮಸ್ ಎಂಬವನಿಗೆ ಸರ್ಕಾರದಿಂದ ಮಂಜೂರಾದದ್ದು ಎಂದು ತಿಳಿಯುತ್ತದೆ. ಥಾಮಸ್ ಅದನ್ನು ಯಾರಿಗೂ ಮಾರಿಲ್ಲ, ಉಯಿಲು ಬರೆಯದೆ ಸತ್ತಿದ್ದಾನೆ. ಅಂದಿನ ವರ್ಜೀನಿಯಾದಲ್ಲಿ ಉಯಿಲಿಲ್ಲದೆ ಸತ್ತವನ ಭೂಮಿ ಪೂರ್ತಿಯಾಗಿ ಹಿರಿಯ ಮಗನಿಗೆ ಹೋಗುತ್ತಿತ್ತು, ಪತ್ರವೇ ಬೇಕಿರಲಿಲ್ಲ. ಥಾಮಸ್‌ನ ಮಗನೇ ನಮ್ಮ ಜಾನ್ ಎಂಬ ವಾದ ಇಲ್ಲಿ ನಿಲ್ಲಲು ಶುರುವಾಗುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಕೆಲಸ. ವಿಲಿಯಂನ ಮಗ ಜಾನ್ ಏನಾದ? ಉಯಿಲಿನಲ್ಲಿ ಅವನಿಗೆ ಬಂದ ಹೊಲವನ್ನು ಹಿಂಬಾಲಿಸಿ. ಅದನ್ನು ಅವನು 1758ರಲ್ಲಿ ನಾರ್ತ್ ಕೆರೊಲಿನಾದಲ್ಲಿ ವಾಸವಿರುವವನಾಗಿ ಮಾರಿದ್ದರೆ, 1765ರಲ್ಲಿ ವರ್ಜೀನಿಯಾದಲ್ಲಿ ಹೆಂಡತಿ ಸಮೇತ ಸಹಿ ಹಾಕಿದವನು ಅವನಲ್ಲ ಎನ್ನಲು ಬಲವಾದ ಕಾರಣ ಸಿಗುತ್ತದೆ. ಎದುರಾಳಿ ತಂದೆಯ ಮಗನನ್ನು ಹುಡುಕಿ ಅವನ ಬದುಕನ್ನು ಕೊನೆಯವರೆಗೆ ಓದುವುದು ಬೇಸರದ ಕೆಲಸ, ಆದರೆ ತಕರಾರು ಮುಗಿಯುವುದು ಅಲ್ಲೇ.

ಪತ್ರಗಳ ಒಂದು ಪದ್ಧತಿ ಬಹಳ ಜನರನ್ನು ದಾರಿ ತಪ್ಪಿಸಿದೆ. ವರ್ಜೀನಿಯಾದಂಥ ಕಡೆ ಮಾರಾಟವನ್ನು ಎರಡು ಪತ್ರಗಳಲ್ಲಿ ಮಾಡುತ್ತಿದ್ದರು. ಮೊದಲ ದಿನ ಹೆಸರಿಗೆ ಮಾತ್ರ 5 ಶಿಲಿಂಗ್‌ಗೆ ಗೇಣಿ, ಮರುದಿನ ನಿಜವಾದ ಬೆಲೆಗೆ ಬಿಟ್ಟುಕೊಡುವ ಪತ್ರ. ಎರಡನೆಯದು ನೋಡದವರು ‘5 ಶಿಲಿಂಗ್‌ಗೆ ಕೊಟ್ಟಿದ್ದಾನೆ, ಹಾಗಾದರೆ ಮಗನಿಗೇ ಕೊಟ್ಟದ್ದು’ ಎಂದು ತೀರ್ಮಾನಿಸಿಬಿಡುತ್ತಾರೆ. ಮಗನಿಗೋ ಮಗಳಿಗೋ ಕೊಟ್ಟ ದಾನಪತ್ರದಲ್ಲಿ ಪ್ರೀತಿ ವಿಶ್ವಾಸದಿಂದ ಎಂಬ ಮಾತು ಸಾಮಾನ್ಯವಾಗಿ ಇರುತ್ತದೆ. ಇನ್ನೂ ಬೆಲೆಬಾಳುವುದು ವಾರಸುದಾರರೆಲ್ಲ ಸೇರಿ ಬರೆದ ಹಕ್ಕು ಬಿಡುಗಡೆ ಪತ್ರ. ತಂದೆ ಸತ್ತು ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ, ತಾಯಿ ತೀರಿಕೊಂಡಾಗ ಅದು ಹುಟ್ಟುತ್ತದೆ. ವಿಧವೆಗೆ ಗಂಡನ ಜಮೀನಿನ ಮೂರನೇ ಒಂದು ಭಾಗ ಬದುಕಿರುವವರೆಗೆ ಸಲ್ಲುತ್ತಿತ್ತು, ಅದು ಪಾಲಾಗುವುದು ಆಕೆಯ ನಂತರ. ಆದ್ದರಿಂದ ತಂದೆ ಸತ್ತ ವರ್ಷದಲ್ಲೇ ಹುಡುಕಿ ಕೈಬಿಡಬೇಡಿ.

ಉಯಿಲಿನಲ್ಲಿ ಹೆಸರಿಲ್ಲದಿದ್ದರೆ

ಉಯಿಲಿನಲ್ಲಿ ಇಲ್ಲ, ಹಾಗಾಗಿ ಮಗನಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಹಿರಿಯ ಮಗನಿಗೆ ಭೂಮಿ ಕಾನೂನಿನಿಂದಲೇ ಬರುವಲ್ಲಿ ಅವನ ಹೆಸರು ಬರೆಯುವ ಅಗತ್ಯವಿರಲಿಲ್ಲ. ವರ್ಜೀನಿಯಾ ಈ ಪದ್ಧತಿಯನ್ನು ಕೈಬಿಡುವ ಕಾನೂನು ಮಾಡಿದ್ದು 1785ರಲ್ಲಿ. ಮ್ಯಾಸಚೂಸೆಟ್ಸ್‌ನಲ್ಲಿ ಉಯಿಲಿಲ್ಲದ ಆಸ್ತಿಯಲ್ಲಿ ಹಿರಿಯ ಮಗನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು. ಪಾಲುಪಟ್ಟಿಯಲ್ಲಿ ಎರಡು ಪಾಲು ಪಡೆದವನು ಕಂಡರೆ ಮಕ್ಕಳ ಹುಟ್ಟಿನ ಕ್ರಮವೂ ಸಿಕ್ಕಿತು. ಮದುವೆಯಾದಾಗಲೇ ತಮ್ಮ ಭಾಗ ಪಡೆದು ಹೋದ ಮಕ್ಕಳೂ ಉಯಿಲಿನಿಂದ ಹೊರಗೆ ಉಳಿಯುತ್ತಾರೆ.

ಉಯಿಲಿನ ಒಂದು ಪುಟ ನೋಡಿ ಪುಸ್ತಕ ಮುಚ್ಚಬೇಡಿ. ಆಸ್ತಿಯ ಪಟ್ಟಿ, ಸಾಲದ ಲೆಕ್ಕ, ಪಾಲು ಪಡೆದವರ ರಸೀದಿ, ಅಪ್ರಾಪ್ತ ಮಕ್ಕಳಿಗೆ ಕೋರ್ಟ್ ನೇಮಿಸಿದ ಪೋಷಕರ ಕಾಗದ ಇವೆಲ್ಲ ಬೇರೆ ಬೇರೆ ಕಟ್ಟಿನಲ್ಲಿರುತ್ತವೆ. ಹದಿನಾಲ್ಕು ತುಂಬಿದ ಹುಡುಗ ತನ್ನ ಪೋಷಕನನ್ನು ತಾನೇ ಆರಿಸಬಹುದಿತ್ತು. 1741ರಲ್ಲಿ ಒಬ್ಬ ಹಾಗೆ ಆರಿಸಿದ್ದರೆ ಅವನು 1727ಕ್ಕಿಂತ ಈಚೆಗೆ ಹುಟ್ಟಿದವನಲ್ಲ, 21 ತುಂಬಿದವನೂ ಅಲ್ಲ. ವರ್ಜೀನಿಯಾದ ತೆರಿಗೆ ಪಟ್ಟಿಯಲ್ಲಿ 16 ದಾಟಿದ ಗಂಡುಮಗ ತಂದೆಯ ಮನೆಯ ಲೆಕ್ಕಕ್ಕೆ ಸೇರುತ್ತಿದ್ದ. ಅವನ ಹೆಸರು ಮೊದಲು ಯಾರ ಮನೆಯ ಕೆಳಗೆ ಬಂತು ಎಂಬುದೇ ಕೆಲವೊಮ್ಮೆ ಉತ್ತರ.

ಯಾರು ಸಾಕ್ಷಿ ಹಾಕಿದರು, ಯಾರು ಜಾಮೀನು ನಿಂತರು, ಯಾರ ಜೊತೆ ವಲಸೆ ಹೋದರು ಎಂಬುದನ್ನು ಬರೆದಿಡಿ. ಎಲಿಜಬೆತ್ ಶೋನ್ ಮಿಲ್ಸ್ ಎಂಬ ಹಿರಿಯ ವಂಶಾವಳಿ ತಜ್ಞೆ ಮನೆಯವರು, ಒಡನಾಡಿಗಳು, ನೆರೆಹೊರೆಯವರು ಎಂಬ ಈ ವರ್ತುಲವನ್ನು ಅಧ್ಯಯನದ ಒಂದು ವಿಧಾನವಾಗಿಯೇ ಬೆಳೆಸಿದ್ದಾರೆ. ವರ್ಜೀನಿಯಾದಿಂದ ಕೆರೊಲಿನಾಕ್ಕೆ ಜನ ಹೋದದ್ದು ಗುಂಪಾಗಿ. ಹೊಸ ಊರಿನಲ್ಲಿ ನಿಮ್ಮವನ ಪಕ್ಕದಲ್ಲಿದ್ದವರು ಹಳೆಯ ಊರಿನಲ್ಲಿ ಯಾರ ಪಕ್ಕದಲ್ಲಿದ್ದರು ಎಂದು ನೋಡಿದರೆ ತಂದೆಯ ಮನೆಯ ದಾರಿ ತೆರೆಯುತ್ತದೆ. ಕ್ರಾಂತಿಯ ಯುದ್ಧದಲ್ಲಿ ಹೋರಾಡಿದವರ ಪಿಂಚಣಿ ಕಡತಗಳೂ ಇದೇ ಕಾರಣಕ್ಕೆ ಅಮೂಲ್ಯ. ವಯಸ್ಸಾದ ಸೈನಿಕರು, ಅವರ ವಿಧವೆಯರು, ಬಾಲ್ಯದ ನೆರೆಯವರು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗಳು, ಬೈಬಲ್ಲಿನಿಂದ ಹರಿದು ಲಗತ್ತಿಸಿದ ಪುಟಗಳು ಅವುಗಳಲ್ಲಿವೆ.

ಮದುವೆಯಾಚೆ ಹುಟ್ಟಿದವರು

ಮದುವೆಯಿಲ್ಲದೆ ಹುಟ್ಟಿದ ಮಗುವಿನ ತಂದೆಯ ಹೆಸರು ಸಿಗುವುದೇ ಇಲ್ಲ ಎಂದು ಕೈಚೆಲ್ಲುವವರಿದ್ದಾರೆ. ನಿಜವೆಂದರೆ ಅಂಥ ತಂದೆಯ ಹೆಸರಿಗಾಗಿ ಊರೇ ಹುಡುಕಾಡುತ್ತಿತ್ತು. ಮಗುವನ್ನು ಸಾಕುವ ಖರ್ಚು ಊರಿನ ಮೇಲೆ ಬೀಳಬಾರದಲ್ಲ! ಕೌಂಟಿ ಕೋರ್ಟ್ ತಾಯಿಯನ್ನು ವಿಚಾರಿಸುತ್ತಿತ್ತು, ತಂದೆಯೆನಿಸಿದವನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಿತ್ತು. ನ್ಯೂ ಇಂಗ್ಲೆಂಡಿನಲ್ಲಿ ಹೆರಿಗೆ ನೋವಿನ ಹೊತ್ತಿನಲ್ಲಿ ಹೆಂಗಸು ಹೇಳುವ ಹೆಸರು ಸುಳ್ಳಾಗದು ಎಂದು ನಂಬಿ ಸೂಲಗಿತ್ತಿಯೇ ತಂದೆಯ ಹೆಸರು ಕೇಳುತ್ತಿದ್ದಳು. ಈ ಪದ್ಧತಿ ವಸಾಹತು ಕಾಲ ಮುಗಿದ ಮೇಲೂ ಮುಂದುವರಿಯಿತು. ಮೇನ್ ಪ್ರಾಂತದ ಸೂಲಗಿತ್ತಿ ಮಾರ್ಥಾ ಬ್ಯಾಲರ್ಡ್ 1785ರಿಂದ 1812ರವರೆಗೆ ಬರೆದ ದಿನಚರಿಯಲ್ಲಿ ಇಂಥ ಹೆರಿಗೆಗಳಿವೆ. 1791ರಲ್ಲಿ ಸ್ಯಾಲಿ ಪಿಯರ್ಸ್ ಎಂಬ ಹೆಣ್ಣುಮಗಳು ಹೇಳಿದ ಹೆಸರು ಮಾರ್ಥಾಳ ಸ್ವಂತ ಮಗ ಜೊನಾಥನ್‌ನದು. ಆಕೆ ಅದನ್ನೂ ಬರೆದಿಟ್ಟಳು.

ಗುಲಾಮಗಿರಿಗೆ ಒಳಗಾದವರ ವಿಷಯದಲ್ಲಿ ಪಿತೃತ್ವದ ತಕರಾರು ಬದುಕು ಸಾವಿನ ಪ್ರಶ್ನೆಯಾಗಿತ್ತು. ಸುಮಾರು 1630ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಎಲಿಜಬೆತ್ ಕೀ ಎಂಬಾಕೆಯ ತಾಯಿ ಆಫ್ರಿಕನ್, ತಂದೆ ಇಂಗ್ಲೆಂಡಿನವನಾದ ಥಾಮಸ್ ಕೀ. ಆಕೆಯ ಒಡೆಯ ಸತ್ತಾಗ ಅವನ ಆಸ್ತಿಪಟ್ಟಿಯಲ್ಲಿ ಆಕೆಯನ್ನು ಗುಲಾಮಳೆಂದು ಸೇರಿಸಿದರು. ತನ್ನ ತಂದೆ ಸ್ವತಂತ್ರ ಪ್ರಜೆ, ಹಾಗಾಗಿ ತಾನೂ ಸ್ವತಂತ್ರಳು ಎಂದು ಆಕೆ ನಾರ್ಥಂಬರ್‌ಲ್ಯಾಂಡ್ ಕೌಂಟಿಯ ಕೋರ್ಟಿನಲ್ಲಿ ವಾದಿಸಿದಳು. ಎಂಬತ್ತರ ಆಸುಪಾಸಿನ ಒಬ್ಬ ಹೆಂಗಸು, ಈ ಮಗುವಿನ ವಿಷಯಕ್ಕಾಗಿ ಥಾಮಸ್ ಕೀಗೆ ದಂಡ ಹಾಕಿದ್ದು ತನಗೆ ನೆನಪಿದೆ ಎಂದು ಸಾಕ್ಷಿ ಹೇಳಿದಳು. 1656ರಲ್ಲಿ ಎಲಿಜಬೆತ್‌ಗೆ ಬಿಡುಗಡೆ ಸಿಕ್ಕಿತು. 1662ರಲ್ಲಿ ವರ್ಜೀನಿಯಾ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆಯೇ ಎಂದು ಕಾನೂನು ಮಾಡಿ ಆ ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ಒಡೆಯರ ಲೆಕ್ಕಪುಸ್ತಕಗಳಲ್ಲಿ ತಾಯಿ ಮಕ್ಕಳ ಹೆಸರು ಒಟ್ಟಿಗೆ ಇರುತ್ತದೆ, ತಂದೆಯ ಹೆಸರು ಹೆಚ್ಚಾಗಿ ಇರುವುದಿಲ್ಲ. ಅಲ್ಲಿ ಇಲ್ಲದ್ದು ಮನೆಯವರ ಮಾತಿನಲ್ಲಿ ಉಳಿದಿರುತ್ತದೆ. ಅದನ್ನು ದಂತಕಥೆ ಎಂದು ತಳ್ಳಿಹಾಕುವುದು ಅನ್ಯಾಯ.

ಡಿಎನ್‌ಎ ಎಷ್ಟು ದೂರ ಬರುತ್ತದೆ

ಡಿಎನ್‌ಎ ಎಷ್ಟು ನೆರವಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಥಾಮಸ್ ಜೆಫರ್ಸನ್ ಮತ್ತು ಅವನ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಪ್ರಕರಣ. ಕಾಲದಲ್ಲಿ ಸ್ವಲ್ಪ ಈಚಿನದು, ಆದರೆ ವಿಧಾನಕ್ಕಾಗಿ ಎಲ್ಲರೂ ಓದಬೇಕಾದದ್ದು. ಜೆಫರ್ಸನ್ ತಮ್ಮ ತಂದೆ ಎಂದು ಸ್ಯಾಲಿಯ ಮಗ ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಓಹಾಯೋದ ಪತ್ರಿಕೆಯೊಂದರಲ್ಲಿ ಹೇಳಿದ್ದ. ಜೆಫರ್ಸನ್ ಮನೆಯವರು ಅದು ಅವನ ಸೋದರಳಿಯಂದಿರಾದ ಕಾರ್ ಸಹೋದರರ ಕೆಲಸ ಎಂದಿದ್ದರು. 1998ರಲ್ಲಿ ಯೂಜೀನ್ ಫಾಸ್ಟರ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ವೈ ವರ್ಣತಂತುವಿನ ಫಲಿತಾಂಶ ಪ್ರಕಟಿಸಿದರು. ಜೆಫರ್ಸನ್‌ಗೆ ಬದುಕುಳಿದ ಗಂಡುಮಕ್ಕಳು ಮದುವೆಯಿಂದ ಇರಲಿಲ್ಲ. ಹಾಗಾಗಿ ಅವನ ಚಿಕ್ಕಪ್ಪ ದೊಡ್ಡಪ್ಪಂದಿರಲ್ಲಿ ಒಬ್ಬನಾದ ಫೀಲ್ಡ್ ಜೆಫರ್ಸನ್‌ನ ಗಂಡುಸಾಲಿನವರನ್ನು ಪರೀಕ್ಷಿಸಿದರು. ಸ್ಯಾಲಿಯ ಕೊನೆಯ ಮಗ ಎಸ್ಟನ್‌ನ ಗಂಡುಸಾಲು ಅದಕ್ಕೆ ಹೊಂದಿತು, ಕಾರ್ ಸಾಲು ಹೊಂದಲಿಲ್ಲ.

ವೈ ವರ್ಣತಂತು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ಇಳಿಯುತ್ತದೆ. ಆದ್ದರಿಂದ ಆ ಪರೀಕ್ಷೆ ಹೇಳಿದ್ದು ‘ಜೆಫರ್ಸನ್ ಗಂಡುಸಾಲಿನ ಒಬ್ಬ’ ಎಂದಷ್ಟೇ. ಅದು ಥಾಮಸ್‌ನೋ ಅವನ ತಮ್ಮನೋ ಎಂದು ಅದು ಹೇಳಲಾರದು. ಉಳಿದ ದೂರವನ್ನು ಕ್ರಮಿಸಿದ್ದು ಕಾಗದ. ಸ್ಯಾಲಿ ಪ್ರತಿ ಸಲ ಗರ್ಭ ಧರಿಸಿದ ಸಮಯದಲ್ಲಿ ಜೆಫರ್ಸನ್ ತನ್ನ ಎಸ್ಟೇಟ್ ಮಾಂಟಿಚೆಲ್ಲೊದಲ್ಲಿ ಇದ್ದದ್ದು ಅವನದೇ ದಾಖಲೆಗಳಿಂದ ಗೊತ್ತಾಗುತ್ತದೆ. ಅಲ್ಲಿ ಹುಟ್ಟಿದ ಗುಲಾಮರ ಪೈಕಿ ಸ್ಯಾಲಿಯ ಮಕ್ಕಳಿಗಷ್ಟೇ ಒಟ್ಟಾಗಿ ಬಿಡುಗಡೆಯ ದಾರಿ ಸಿಕ್ಕಿತು. ಡಿಎನ್‌ಎ, ಮನೆಮಾತು, ದಿನಾಂಕ ಮೂರೂ ಒಂದೇ ಕಡೆ ತೋರಿಸಿದಾಗ ತೀರ್ಮಾನ ಗಟ್ಟಿಯಾಯಿತು.

ತಾಯಿಯ ಕಡೆಗೆ ಮೈಟೊಕಾಂಡ್ರಿಯದ ಡಿಎನ್‌ಎ ಇದೆ. ಅಬ್ರಹಾಂ ಲಿಂಕನ್‌ನ ತಾಯಿ ನ್ಯಾನ್ಸಿ ಹ್ಯಾಂಕ್ಸ್ 1784ರಲ್ಲಿ ಹುಟ್ಟಿದಳು. ಆಕೆಯ ಹೆತ್ತವರ ಬಗ್ಗೆ ಬಹಳ ಕಾಲ ವಾದವಿತ್ತು. 2015ರಲ್ಲಿ ಪ್ರಕಟವಾದ ಅಧ್ಯಯನ ಹ್ಯಾಂಕ್ಸ್ ಮನೆತನದ ಹೆಣ್ಣುಸಾಲಿನವರನ್ನು ಹೋಲಿಸಿ, ನ್ಯಾನ್ಸಿ ಲೂಸಿ ಹ್ಯಾಂಕ್ಸ್‌ಳ ಮಗಳು, ಆನ್ ಲೀ ಹ್ಯಾಂಕ್ಸ್‌ಳ ಮೊಮ್ಮಗಳು ಎಂಬ ವಾದಕ್ಕೆ ಬಲ ಕೊಟ್ಟಿತು. ಆ ಸಾಲು ಸೇರಿದ ಡಿಎನ್‌ಎ ಗುಂಪು ಅಪರೂಪದ್ದಾಗಿದ್ದರಿಂದ ಹೊಂದಿಕೆಗೆ ತೂಕ ಬಂತು. ಸಾಮಾನ್ಯ ಗುಂಪಾಗಿದ್ದರೆ ಅಷ್ಟು ತೂಕ ಇರುತ್ತಿರಲಿಲ್ಲ. ನ್ಯಾನ್ಸಿಯ ತಂದೆ ಯಾರು ಎಂಬುದಕ್ಕೆ ಈ ಪರೀಕ್ಷೆಯಲ್ಲಿ ಉತ್ತರವಿಲ್ಲ, ಇರಲು ಸಾಧ್ಯವೂ ಇಲ್ಲ.

ಎಲ್ಲರೂ ಮಾಡಿಸುವ ಸಾಮಾನ್ಯ ಜೊಲ್ಲಿನ ಪರೀಕ್ಷೆ 1700ರ ಕಾಲಕ್ಕೆ ಬಲು ದುರ್ಬಲ. ಹತ್ತು ತಲೆಮಾರು ಹಿಂದೆ ಪೂರ್ವಜರ ಸ್ಥಾನಗಳು 1024. ಅವರಲ್ಲಿ ಎಷ್ಟೋ ಜನರ ಡಿಎನ್‌ಎ ನಿಮ್ಮಲ್ಲಿ ಒಂದು ತುಣುಕೂ ಇರುವುದಿಲ್ಲ. ಹಳೆಯ ನ್ಯೂ ಇಂಗ್ಲೆಂಡ್ ಊರುಗಳಲ್ಲಿ ಸಂಬಂಧಿಗಳೊಳಗೇ ಮದುವೆ ನಡೆದಿದ್ದರಿಂದ ಇಬ್ಬರ ನಡುವೆ ಹೊಂದಿದ ತುಣುಕು ನೀವು ಅಂದುಕೊಂಡ ಪೂರ್ವಜನದೇ ಎಂದು ಹೇಳಲಾಗದು. ಜಾನ್ ಪ್ರಕರಣದಂಥ ತಕರಾರಿಗೆ ವೈ ಪರೀಕ್ಷೆಯೇ ಸರಿ. ನಿಮ್ಮ ಜಾನ್‌ನ ಇಬ್ಬರು ಬೇರೆ ಬೇರೆ ಮಕ್ಕಳಿಂದ ಇಳಿದ ಗಂಡುಸಾಲಿನ ಇಬ್ಬರನ್ನು, ಥಾಮಸ್ ಮತ್ತು ವಿಲಿಯಂ ಎರಡೂ ಕಡೆಯವರನ್ನು ಪರೀಕ್ಷಿಸಿ. ಥಾಮಸ್ ಮತ್ತು ವಿಲಿಯಂ ಅಣ್ಣತಮ್ಮಂದಿರಾಗಿದ್ದರೆ ಆ ಪರೀಕ್ಷೆಯಿಂದ ಏನೂ ಬಗೆಹರಿಯದೆ ಇರಬಹುದು. ಪರೀಕ್ಷೆಗೆ ಒಪ್ಪುವ ನೆಂಟರಿಗೆ ಮೊದಲೇ ತಿಳಿಸಿ ಹೇಳಿ: ಮುನ್ನೂರು ವರ್ಷದ ಹಿಂದಿನದನ್ನು ಹುಡುಕಲು ಹೋಗಿ ಅವರ ಅಜ್ಜನ ಕಾಲದ ಗುಟ್ಟು ಹೊರಬರಬಹುದು. ಅವರು ಬೇಡವೆಂದರೆ ಅಲ್ಲಿಗೆ ಬಿಡಿ.

ಬರೆದು ನೋಡಿ

ಅಮೆರಿಕದ ವಂಶಾವಳಿ ತಜ್ಞರು ಒಪ್ಪಿಕೊಂಡ ಒಂದು ಮಾನದಂಡವಿದೆ. ಸಿಗಬಹುದಾದ ದಾಖಲೆಗಳನ್ನೆಲ್ಲ ಸಾಧ್ಯವಾದಷ್ಟು ಹುಡುಕಿರಬೇಕು, ಪ್ರತಿಯೊಂದು ಎಲ್ಲಿಂದ ಬಂತೆಂದು ಹೇಳಿರಬೇಕು, ಒಂದಕ್ಕೊಂದು ತಾಳೆ ನೋಡಿರಬೇಕು, ವಿರುದ್ಧ ಸಾಕ್ಷಿಗೆ ಉತ್ತರ ಕೊಟ್ಟಿರಬೇಕು, ತೀರ್ಮಾನವನ್ನು ಕಾರಣ ಸಮೇತ ಬರೆದಿರಬೇಕು. ಇದರಲ್ಲಿ ಕೊನೆಯದನ್ನೇ ಹೆಚ್ಚಿನವರು ಬಿಡುತ್ತಾರೆ. ಎರಡು ಪುಟ ಬರೆಯಲು ಕುಳಿತರೆ ವಾದದ ತೂತು ತಾನೇ ಕಾಣುತ್ತದೆ. ‘ಥಾಮಸ್ ಉಯಿಲಿಲ್ಲದೆ ಸತ್ತ’ ಎಂದು ಬರೆಯುವಾಗ, ಆ ಕೌಂಟಿಯ ಉಯಿಲು ಪುಸ್ತಕ ಆ ವರ್ಷಗಳಿಗೆ ಉಳಿದಿದೆಯೇ ಎಂದು ನೋಡಿದ್ದೇನೆಯೇ ಎಂಬ ಪ್ರಶ್ನೆ ಏಳುತ್ತದೆ. ಮಾದರಿ ಬೇಕಿದ್ದರೆ 1847ರಿಂದ ಬರುತ್ತಿರುವ ಬೋಸ್ಟನ್ನಿನ ‘ರಿಜಿಸ್ಟರ್’, 1922ರಲ್ಲಿ ಡೊನಾಲ್ಡ್ ಲೈನ್ಸ್ ಜೇಕಬಸ್ ಆರಂಭಿಸಿದ ‘ದಿ ಅಮೆರಿಕನ್ ಜೀನಿಯಾಲಜಿಸ್ಟ್’, ನ್ಯಾಷನಲ್ ಜೀನಿಯಲಾಜಿಕಲ್ ಸೊಸೈಟಿಯ ತ್ರೈಮಾಸಿಕ ಇವುಗಳ ಹಳೆಯ ಸಂಚಿಕೆಗಳನ್ನು ಓದಿ. ನಿಮ್ಮ ಮನೆತನದ ಬಗ್ಗೆ ಏನೂ ಇಲ್ಲದಿದ್ದರೂ ಓದಿ.

ಹುಡುಕಾಟವನ್ನು ಮೈಸೂರಿನಲ್ಲಿ ಕುಳಿತೂ ಶುರು ಮಾಡಬಹುದು. ಫ್ಯಾಮಿಲಿಸರ್ಚ್ ಜಾಲತಾಣ ಉಚಿತ. ಅಮೆರಿಕದ ಕೌಂಟಿ ಕೋರ್ಟ್‌ಗಳ ಕ್ರಯಪತ್ರ ಮತ್ತು ಉಯಿಲು ಪುಸ್ತಕಗಳ ಚಿತ್ರಗಳು ಅಲ್ಲಿ ಅಪಾರ ಸಂಖ್ಯೆಯಲ್ಲಿವೆ. ಕೈಬರಹವನ್ನು ಯಂತ್ರವೇ ಓದಿ ಹುಡುಕಿಕೊಡುವ ಸೌಲಭ್ಯ 2024ರಿಂದ ಬಂದಿದೆ. ಅದರಲ್ಲಿ ನಿಮ್ಮವನ ಹೆಸರು ಮಾತ್ರ ಹಾಕದೆ ನೆರೆಯವರ ಹೆಸರು, ಹಳ್ಳದ ಹೆಸರು ಹಾಕಿ ಹುಡುಕಿ. ಸೂಚಿಯಲ್ಲಿ ಎಂದೂ ಸಿಗದ ಸಾಕ್ಷಿಯ ಸಹಿಗಳು ಅಲ್ಲಿ ಸಿಗುತ್ತವೆ. ಯಂತ್ರ ತಪ್ಪಾಗಿ ಓದುವುದೂ ಉಂಟು, ಹಾಗಾಗಿ ಚಿತ್ರ ತೆರೆದು ಕಣ್ಣಾರೆ ಓದಿಯೇ ಮುಂದೆ ಹೋಗಿ.

ಇಷ್ಟೆಲ್ಲ ಮಾಡಿದ ಮೇಲೂ ಇಬ್ಬರಲ್ಲಿ ಯಾರು ತಂದೆ ಎಂದು ತೀರ್ಮಾನವಾಗದಿದ್ದರೆ ವೃಕ್ಷದಲ್ಲಿ ತಂದೆಯ ಜಾಗ ಖಾಲಿ ಬಿಡಿ. ಪಕ್ಕದ ಟಿಪ್ಪಣಿಯಲ್ಲಿ ಇಬ್ಬರ ಹೆಸರನ್ನೂ, ಪ್ರತಿಯೊಬ್ಬರ ಪರವಾಗಿ ಸಿಕ್ಕ ಸಾಕ್ಷಿಯನ್ನೂ, ಹುಡುಕಿ ಸಿಗದೆ ಹೋದ ಪುಸ್ತಕಗಳ ಪಟ್ಟಿಯನ್ನೂ ಬರೆಯಿರಿ. ಅದರ ಒಂದು ಪ್ರತಿಯನ್ನು ಆ ಕೌಂಟಿಯ ಇತಿಹಾಸ ಸಂಘಕ್ಕೋ ಗ್ರಂಥಾಲಯಕ್ಕೋ ಕಳಿಸಿ. ನೀವು ನೋಡದ ಒಂದು ಕಾಗದ ಇನ್ಯಾರದೋ ಮನೆಯ ಪೆಟ್ಟಿಗೆಯಲ್ಲಿ ಇದ್ದರೆ, ಅದನ್ನು ಕಂಡವರು ನಿಮ್ಮ ಕೆಲಸ ನಿಂತ ಜಾಗದಿಂದಲೇ ಮುಂದುವರಿಸಬಹುದು.